ಯಾರ ಹತ್ತಿರ ಓದುತ್ತೀರಿ: ‘ಉಪಾಧ್ಯಾಯ’ನ ಹಿಂದೆ ಮುಂದೆ

ಸಂಶೋಧನೆಗೆ ಸೇರಿದವರನ್ನು ನಮ್ಮಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು: ‘ಯಾರ ಹತ್ರ ಪಿಎಚ್.ಡಿ. ಮಾಡ್ತಿದ್ದೀರಿ?’ ಸಂಗೀತವಾಗಲಿ, ಮರಗೆಲಸವಾಗಲಿ, ಕನ್ನಡದಲ್ಲಿ ಕಲಿಯುವುದು ಯಾರದೋ ಒಬ್ಬರ ಹತ್ತಿರ. ಉತ್ತರದಲ್ಲಿ ಬರುವ ಪದ ಮಾತ್ರ ‘ಗೈಡ್’. ಪರೀಕ್ಷೆ ಹತ್ತಿರವಾದಾಗ ಪುಸ್ತಕದಂಗಡಿಯಲ್ಲಿ ಕೊಳ್ಳುವುದೂ ಗೈಡೇ, ಬೇಲೂರಿನ ಗುಡಿಯ ಬಾಗಿಲಲ್ಲಿ ಎದುರಾಗುವವರೂ ಗೈಡೇ. ದಾರಿ ಬಲ್ಲವರು ತೋರಿಸುತ್ತಾರೆ, ನಾವು ಹಿಂದೆ ನಡೆಯುತ್ತೇವೆ. ‘ಮಾರ್ಗದರ್ಶಕ’ ಎಂದರೂ ಚಿತ್ರ ಬದಲಾಗದು. ಆದರೆ ನಮ್ಮ ಪ್ರಶ್ನೆಯೊಳಗಿನ ‘ಹತ್ತಿರ’ವನ್ನು ತನ್ನಲ್ಲೇ ಹೊತ್ತುಕೊಂಡ ಹಳೆಯ ಪದವೊಂದಿದೆ: ಉಪಾಧ್ಯಾಯ.

‘ಉಪ’ ಎಂದರೆ ಸಮೀಪ. ‘ಅಧಿ’ಯ ಜೊತೆ ‘ಇ’ ಧಾತು ಸೇರಿದರೆ ಅಧ್ಯಯನ. ಯಾರ ಬಳಿಗೆ ಹೋಗಿ ಓದುತ್ತೇವೋ ಅವರು ಉಪಾಧ್ಯಾಯರು. ಪತಂಜಲಿಯ ಮಹಾಭಾಷ್ಯದಲ್ಲಿ ಈ ವಿವರಣೆ ಬರುವ ಸಂದರ್ಭ ನನಗೆ ತುಂಬ ಪ್ರಿಯವಾದದ್ದು. ಅಲ್ಲಿ ಮಾತು ನಡೆದಿರುವುದು ಸ್ತ್ರೀಲಿಂಗದ ರೂಪದ ಬಗ್ಗೆ. ಯಾವ ಹೆಂಗಸಿನ ಬಳಿಗೆ ಹೋಗಿ ಓದುತ್ತಾರೋ ಅವಳು ಉಪಾಧ್ಯಾಯಾ ಅಥವಾ ಉಪಾಧ್ಯಾಯೀ. ಉಪಾಧ್ಯಾಯನ ಹೆಂಡತಿಗೆ ಉಪಾಧ್ಯಾಯಾನೀ ಎಂಬ ರೂಪ ಬೇರೆಯೇ ಇತ್ತು. ತಾನೇ ಪಾಠ ಹೇಳುವ ಹೆಣ್ಣಿಗೆ ವ್ಯಾಕರಣ ಅಷ್ಟು ಹಿಂದೆಯೇ ತನ್ನದೇ ಪದವನ್ನು ಕೊಟ್ಟಿತ್ತು.

ಇದರ ಪಕ್ಕದಲ್ಲಿ ‘ಅಧ್ಯಾಪಕ’ವನ್ನು ಇಟ್ಟು ನೋಡಬೇಕು. ಧಾತು ಅದೇ, ಆದರೆ ಇದು ಪ್ರೇರಣಾರ್ಥಕ: ಓದಿಸುವವನು. ಅಧ್ಯಾಪಕ ಎಂದಾಗ ಕೆಲಸವೆಲ್ಲ ಮೇಷ್ಟರದು. ಉಪಾಧ್ಯಾಯ ಎಂದಾಗ ಎದ್ದು ಹೋಗುವವನೂ ಓದುವವನೂ ಶಿಷ್ಯ. ನಮ್ಮ ವಿಶ್ವವಿದ್ಯಾಲಯಗಳು ಪ್ರಾಧ್ಯಾಪಕರನ್ನು ಇಟ್ಟುಕೊಂಡು, ಉಪಾಧ್ಯಾಯರನ್ನು ಪ್ರಾಥಮಿಕ ಶಾಲೆಗೆ ಬಿಟ್ಟುಕೊಟ್ಟವು. ಈ ಪದವನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸುವ ಅಭ್ಯಾಸ ಹೊಸದೇನಲ್ಲ. ವೇದದ ಒಂದು ಭಾಗವನ್ನಷ್ಟೇ ಜೀವನೋಪಾಯಕ್ಕಾಗಿ ಹೇಳಿಕೊಡುವವನು ಉಪಾಧ್ಯಾಯ, ಅಂಥ ಹತ್ತು ಜನಕ್ಕೆ ಒಬ್ಬ ಆಚಾರ್ಯ ಸಮ ಎಂದು ಮನುಸ್ಮೃತಿ ಹೇಳುತ್ತದೆ.

ಬೌದ್ಧ ವಿಹಾರಗಳಲ್ಲಿ ಕ್ರಮ ತಿರುಗುಮುರುಗು. ವಿನಯಪಿಟಕದ ಮಹಾವಗ್ಗದ ಪ್ರಕಾರ ಹೊಸ ಭಿಕ್ಷುವಿಗೆ ಮೊದಲು ಬೇಕಾದವನೇ ಉಪಾಧ್ಯಾಯ, ಪಾಲಿಯಲ್ಲಿ ‘ಉಪಜ್ಝಾಯ’. ಅವನು ಭಿಕ್ಷುವಾಗಿ ಹತ್ತು ವರ್ಷವಾದರೂ ಕಳೆದಿರಬೇಕು. ಶಿಷ್ಯನ ಹೆಸರು ‘ಸದ್ಧಿವಿಹಾರಿಕ’, ಜೊತೆಯಲ್ಲಿ ವಾಸಿಸುವವನು. ಗುರು ಅವನನ್ನು ಮಗನೆಂದೂ ಶಿಷ್ಯ ಗುರುವನ್ನು ತಂದೆಯೆಂದೂ ಕಾಣಬೇಕು. ಇಷ್ಟನ್ನು ಯಾವ ಗುರುಕುಲವಾದರೂ ಹೇಳೀತು. ಮಹಾವಗ್ಗ ಮುಂದಕ್ಕೆ ಹೋಗುತ್ತದೆ. ಗುರು ಕಾಯಿಲೆ ಬಿದ್ದರೆ ಶಿಷ್ಯ ನೋಡಿಕೊಳ್ಳಬೇಕು, ಶಿಷ್ಯ ಬಿದ್ದರೆ ಗುರು. ಶಿಷ್ಯನ ಬಳಿ ಭಿಕ್ಷಾಪಾತ್ರೆ ಇಲ್ಲದಿದ್ದರೆ ಒದಗಿಸುವ ಹೊಣೆಯೂ ಗುರುವಿನದೇ. ಗುರುವಿಗೆ ತಪ್ಪು ಅಭಿಪ್ರಾಯವೊಂದು ಹತ್ತಿಕೊಂಡರೆ ಚರ್ಚೆ ಮಾಡಿ ಬಿಡಿಸುವುದು ಶಿಷ್ಯನ ಕರ್ತವ್ಯ. ಗೈಡ್ ಮಾತಿಗೆ ಎದುರು ಹೇಳಲು ಅಂಜಿ ತಪ್ಪು ಅಧ್ಯಾಯವನ್ನೇ ಬರೆದುಕೊಂಡು ಕೂತವರೆಲ್ಲ ಈ ಸಾಲುಗಳನ್ನು ಓದಬೇಕೆಂಬುದು ನನ್ನ ಆಸೆ.

ಉಪಾಧ್ಯಾಯ ದೂರ ಹೋದರೆ, ಸಂಘ ಬಿಟ್ಟರೆ, ತೀರಿಕೊಂಡರೆ ಶಿಷ್ಯ ಅನಾಥನಾಗುವಂತಿಲ್ಲ. ಆಗ ಅವನು ಒಬ್ಬ ಆಚಾರ್ಯನ ಆಶ್ರಯ ಪಡೆಯಬೇಕು. ಈ ಆಶ್ರಯಕ್ಕೆ ‘ನಿಸ್ಸಯ’ ಎಂದು ಹೆಸರು. ಸಮರ್ಥನಾದ ಭಿಕ್ಷುವಿಗೆ ಐದು ವರ್ಷಕ್ಕೆ ಅದು ಮುಗಿಯುತ್ತದೆ, ಅವನು ಸ್ವತಂತ್ರ. ಗುರುವಿನ ನೆರಳು ಎಷ್ಟು ದಿನ ಇರಬೇಕು, ಒಬ್ಬರು ಇಲ್ಲವಾದರೆ ಇನ್ನೊಬ್ಬರು ಯಾರು ಎಂಬುದನ್ನು ಮೊದಲೇ ಯೋಚಿಸಿಟ್ಟ ವ್ಯವಸ್ಥೆ ಇದು.

ಒಬ್ಬರಿಂದಲೇ ಎಲ್ಲವೂ ಸಿಗಬೇಕೆಂಬ ಹಟ ಕುವೆಂಪು ಅವರ ವಿದ್ಯಾರ್ಥಿ ಜೀವನದಲ್ಲೂ ಕಾಣದು. ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಹುಡುಗನಿಗೆ 1924ರಲ್ಲಿ ಕನ್ನಡದಲ್ಲಿ ಬರೆ ಎಂದವರು ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್. ಮಹಾರಾಜಾ ಕಾಲೇಜಿನ ಕನ್ನಡ ಎಂ.ಎ. ತರಗತಿಯಲ್ಲಿ ಟಿ.ಎಸ್. ವೆಂಕಣ್ಣಯ್ಯನವರು ಗುರುಗಳಾದರು. ಆಶ್ರಮದಲ್ಲಿ ಇರಿಸಿಕೊಂಡು ಆರೈಕೆ ಮಾಡಿದವರು ಸ್ವಾಮಿ ಸಿದ್ಧೇಶ್ವರಾನಂದರು. ಒಬ್ಬರಿಂದ ಒಂದು ಮಾತು, ಒಬ್ಬರಿಂದ ಪಾಠ, ಒಬ್ಬರಿಂದ ನೆಲೆ. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಅದಾಗಿ ಹತ್ತು ವರ್ಷಕ್ಕೆ ಅಚ್ಚಾಗತೊಡಗಿದ ‘ಶ್ರೀ ರಾಮಾಯಣ ದರ್ಶನಂ’ ಅರ್ಪಣೆಯಾಗಿರುವುದು ಅವರಿಗೆ.

ಪದದ ಕಥೆಗೆ ಮರಳೋಣ. ಪ್ರಾಕೃತದಲ್ಲಿ ಅದು ‘ಉವಜ್ಝಾಯ’. ಜೈನರ ಪಂಚಪರಮೇಷ್ಠಿಗಳಲ್ಲಿ ನಾಲ್ಕನೆಯವರು ಇವರೇ. ಇನ್ನೂ ಸವೆದು ಉತ್ತರದಲ್ಲಿ ಓಝಾ, ಝಾ ಎಂಬ ಮನೆತನದ ಹೆಸರುಗಳಾಯಿತು. ಮಧ್ಯ ಏಷ್ಯಾದ ಬೌದ್ಧರ ಬಾಯಲ್ಲಿ ರೂಪ ಬದಲಿಸಿ ಚೀನಾದಲ್ಲಿ ‘ಹೆಷಾಂಗ್’, ಜಪಾನಿನಲ್ಲಿ ‘ಓಶೋ’ ಆಗಿ ಭಿಕ್ಷುವಿನ ಹೆಸರಾಯಿತು. ತೆಲುಗಿನಲ್ಲಿ ಒಜ್ಜ. ಕನ್ನಡದಲ್ಲಿ ಓಜ.

ಈ ಓಜನಿಗೆ ನಮ್ಮ ನಾಡಿನಲ್ಲಿ ಸಿಕ್ಕ ಬಾಳು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಓದು ಕಲಿಸುವವನೂ ಓಜ, ಉಳಿ ಹಿಡಿದವನೂ ಓಜ. ಬೇಲೂರಿನ ಮದನಿಕೆಯರ ಅಡಿಯಲ್ಲಿ ಹೆಸರು ಕೆತ್ತಿದ ಬಳ್ಳಿಗಾವೆಯ ದಾಸೋಜನ ಹೆಸರಿನ ತುದಿಯಲ್ಲಿರುವುದು ಈ ಪದವೇ. ಅದೇ ಗುಡಿಯಲ್ಲಿ ಅವನ ಮಗ ಚಾವಣನ ರುಜುವೂ ಇದೆ. ಇದೇ ದಾರಿಯಲ್ಲಿ ಆಚಾರ್ಯ ಎಂಬುದು ಆಚಾರಿಯಾಗಿ ಮರಗೆಲಸದವರ, ಅಕ್ಕಸಾಲಿಗರ ಹೆಸರಾಯಿತು. ಕಲ್ಲಿನ ಯಾವ ಎಳೆ ಒಡೆಯುತ್ತದೆ, ಎಲ್ಲಿ ಉಳಿ ನಿಲ್ಲಿಸಬೇಕು ಎಂಬುದನ್ನು ದೂರದಿಂದ ಹೇಳಿ ಕಲಿಸಲಾಗದು. ಕೆಲಸ ನಡೆಯುವಲ್ಲಿ ಪಕ್ಕದಲ್ಲಿ ಕೂರಬೇಕು.

ಸಂಶೋಧನೆಯೂ ಕೈಕೆಲಸ ಎಂದು ನಾನು ನಂಬಿದ್ದೇನೆ. ಶಾಸನಪಾಠದಲ್ಲಿ ಅಳಿದ ಅಕ್ಷರವನ್ನು ಊಹಿಸುವುದು, ಪ್ರಯೋಗ ಕೆಟ್ಟಾಗ ತಪ್ಪು ಉಪಕರಣದ್ದೋ ಊಹೆಯದೋ ಎಂದು ತಿಳಿಯುವುದು, ಯಾವ ಅಡಿಟಿಪ್ಪಣಿಯನ್ನು ಕೈಬಿಡಬೇಕೆಂದು ಗೊತ್ತಾಗುವುದು, ಇವೆಲ್ಲ ಕೋರ್ಸ್‌ವರ್ಕ್‌ನಲ್ಲಿ ಬರುವುದಿಲ್ಲ. ಬಲ್ಲವರು ನಮ್ಮ ಕರಡಿನ ಮೇಲೆ ಪೆನ್ನಾಡಿಸುವುದನ್ನು ಪಕ್ಕದಲ್ಲಿ ಕೂತು ನೋಡಿದಾಗ ಬರುತ್ತದೆ.

ಯುಜಿಸಿಯ 2022ರ ನಿಯಮದಂತೆ ಒಬ್ಬ ಪ್ರಾಧ್ಯಾಪಕರು ಒಂದು ಹೊತ್ತಿಗೆ ಎಂಟು ಪಿಎಚ್.ಡಿ. ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬಹುದು. ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು. ಗೈಡ್ ಯಾರೆಂಬುದು ಹಲವು ಸಲ ಸೀಟಿನ ಲೆಕ್ಕದಲ್ಲೇ ತೀರ್ಮಾನವಾಗುತ್ತದೆ. ಅದರ ಬಗ್ಗೆ ಕೊರಗುವ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು: ಓಜರನ್ನು ಯಾರೂ ಹಂಚಿಕೊಡುವುದಿಲ್ಲ, ನೀವೇ ಹೋಗಬೇಕು. ಪ್ರತಿ ಸೆಮಿಸ್ಟರಿನಲ್ಲೂ ನಿಮ್ಮ ಪ್ರಗತಿ ಕೇಳುವ ಸಲಹಾ ಸಮಿತಿಯಲ್ಲಿ ಗೈಡ್ ಅಲ್ಲದವರೂ ಇರುತ್ತಾರೆ. ಅವರನ್ನು ಸಭೆಯ ದಿನವೇ ಮೊದಲ ಸಲ ಕಾಣಬೇಡಿ. ಪಕ್ಕದ ವಿಭಾಗದಲ್ಲಿ ನಿಮ್ಮ ವಿಷಯ ಬಲ್ಲವರಿರುತ್ತಾರೆ, ಆಗಲೇ ಪ್ರಬಂಧ ಒಪ್ಪಿಸಿ ವೈವಾಕ್ಕೆ ಕಾಯುತ್ತಿರುವ ಸೀನಿಯರ್ ಇರುತ್ತಾರೆ. ‘ನನಗೆ ಮಾರ್ಗದರ್ಶನ ಮಾಡಿ ಸರ್’ ಎಂದರೆ ಯಾರಿಗೂ ಏನು ಮಾಡಬೇಕೆಂದು ತೋಚುವುದಿಲ್ಲ. ನೀವು ಬರೆದ ಎರಡು ಪುಟ ಕೊಟ್ಟು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರೋ ಆ ಸಾಲನ್ನು ತೋರಿಸಿ ಕೇಳಿ. ಅವರು ತಿದ್ದಿದ್ದನ್ನು ಸರಿಪಡಿಸಿಕೊಂಡು ಮುಂದಿನ ವಾರ ಮತ್ತೆ ಹೋಗಿ.