ಕೋಳಿಗೆ ಬಂದ ಜ್ವರ, ಟ್ರಕ್ಕಿಗೆ ಬಿದ್ದ ಬರೆ

ಮಕ್ಕಳೇ, ಮುಂದಿನ ಸಲ ಕನ್ನಡ ತರಗತಿಗೆ ಬಂದಾಗ ಪಾರ್ಕಿಂಗ್ ಲಾಟ್‌ನಲ್ಲಿ ಒಂದು ನಿಮಿಷ ನಿಂತು ಪಿಕಪ್ ಟ್ರಕ್ಕುಗಳನ್ನು ಎಣಿಸಿ. ಅವುಗಳಲ್ಲಿ ನಿಮ್ಮ ಮನೆಯ ಸೆಡಾನ್ ಕಾರಿಗಿಂತ ಗಿಡ್ಡವಾದದ್ದು ಒಂದಾದರೂ ಇದೆಯೇ ನೋಡಿ. ಬಹುಶಃ ಸಿಗುವುದಿಲ್ಲ. ಆದರೆ 1980-90ರ ದಶಕಗಳಲ್ಲಿ ಅಮೆರಿಕದ ಬೀದಿಬೀದಿಗಳಲ್ಲಿ ಪುಟ್ಟ ಟ್ರಕ್ಕುಗಳಿದ್ದವು. ಇಬ್ಬರು ಕೂರುವ ಜಾಗ, ಹಿಂದೊಂದು ತೆರೆದ ತೊಟ್ಟಿ, ಅಷ್ಟೆ. ಹುಲ್ಲು ಕತ್ತರಿಸುವವರು, ಬಡಗಿಗಳು, ಮೊದಲ ಕೆಲಸಕ್ಕೆ ಸೇರಿದ ಹುಡುಗರು ಅದನ್ನೇ ಕೊಳ್ಳುತ್ತಿದ್ದರು. ಆ ಕಾಲದಲ್ಲಿ ಇಲ್ಲಿಗೆ ಬಂದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ, ಅವರಿಗೆ ನೆನಪಿರುತ್ತದೆ.

ಅವೆಲ್ಲ ಎಲ್ಲಿ ಹೋದವು? "ಜನರಿಗೆ ದೊಡ್ಡದೇ ಬೇಕಾಯಿತು" ಎನ್ನುವುದು ಸುಲಭದ ಉತ್ತರ. ನಿಜವಾದ ಉತ್ತರ ಶುರುವಾಗುವುದು ಕೋಳಿಯಿಂದ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಕೋಳಿ ಸಾಕಣೆ ಕಾರ್ಖಾನೆಯ ರೂಪ ಪಡೆಯಿತು, ಕೋಳಿಮಾಂಸ ಬಹಳ ಅಗ್ಗವಾಯಿತು. ಹಡಗುಗಟ್ಟಲೆ ಯುರೋಪಿಗೆ ಹೋಗತೊಡಗಿತು. ಅಲ್ಲಿನ ರೈತರು ಗಾಬರಿಯಾದರು. 1962ರಲ್ಲಿ ಪಶ್ಚಿಮ ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳಿದ್ದ ಯುರೋಪಿನ ಸಾಮಾನ್ಯ ಮಾರುಕಟ್ಟೆ ಹೊರಗಿನ ಕೋಳಿಯ ಮೇಲೆ ಭಾರಿ ಸುಂಕ ಹಾಕಿತು. ಮಾತುಕತೆ ನಡೆದವು, ಪತ್ರಗಳು ಹೋದವು ಬಂದವು. ಕೆನಡಿಯವರ ಜೊತೆ ತಾನು ನಡೆಸಿದ ಪತ್ರವ್ಯವಹಾರದಲ್ಲಿ ಅರ್ಧದಷ್ಟು ಕೋಳಿಯ ಬಗ್ಗೆಯೇ ಇತ್ತೆಂದು ಜರ್ಮನಿಯ ಚಾನ್ಸಲರ್ ಅಡೆನಾವರ್ ತಮಾಷೆ ಮಾಡಿದರೆಂದು ಆಗಿನ ಪತ್ರಿಕೆಗಳು ವರದಿ ಮಾಡಿದ್ದವು. ಬರ್ಲಿನ್ ಗೋಡೆ ಎದ್ದಿದ್ದ ಕಾಲ ಅದು, ನೆನಪಿರಲಿ!

ಜಗಳ ಬಗೆಹರಿಯಲಿಲ್ಲ. ಕೋಳಿ ವ್ಯಾಪಾರದಲ್ಲಿ ಅಮೆರಿಕಕ್ಕೆ ಆದ ನಷ್ಟ 2.6 ಕೋಟಿ ಡಾಲರ್ ಎಂದು ಅಂತರರಾಷ್ಟ್ರೀಯ ಸಮಿತಿಯೊಂದು ಲೆಕ್ಕ ಹಾಕಿಕೊಟ್ಟಿತು. ಕೆನಡಿಯವರ ಹತ್ಯೆಯಾಗಿ ಎರಡು ವಾರವೂ ಕಳೆದಿರಲಿಲ್ಲ. 1963ರ ಡಿಸೆಂಬರ್ 4ರಂದು ಹೊಸ ಅಧ್ಯಕ್ಷ ಲಿಂಡನ್ ಜಾನ್ಸನ್ ಪ್ರತೀಕಾರದ ಸುಂಕಕ್ಕೆ ಸಹಿ ಹಾಕಿದರು. ಆ ಪಟ್ಟಿಯಲ್ಲಿ ನಾಲ್ಕು ವಸ್ತುಗಳಿದ್ದವು: ಬ್ರಾಂದಿ, ಆಲೂಗೆಡ್ಡೆಯ ಪಿಷ್ಟ, ಡೆಕ್ಸ್ಟ್ರಿನ್ ಎಂಬ ಅಂಟು, ಮತ್ತು ಹಗುರ ಟ್ರಕ್ಕುಗಳು. ಟ್ರಕ್ಕಿನ ಮೇಲೆ ಶೇಕಡಾ 25! ಗುರಿ ಇದ್ದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನು ಮತ್ತು ಪಿಕಪ್‌ಗಳ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮಲ್ಲಿ ಹೇಳುವುದಿಲ್ಲವೇ, ಹಾಗಾಯಿತು. ಎಮ್ಮೆಯೂ ಒಂದಲ್ಲ. ವ್ಯಾಪಾರ ಒಪ್ಪಂದದ ನಿಯಮದ ಪ್ರಕಾರ ಒಂದು ದೇಶವನ್ನಷ್ಟೇ ಹಿಡಿದು ಬರೆ ಹಾಕುವಂತಿರಲಿಲ್ಲವಾದ್ದರಿಂದ, ಕೋಳಿ ಜಗಳಕ್ಕೂ ತನಗೂ ಸಂಬಂಧವೇ ಇಲ್ಲದ ಜಪಾನಿನ ಟ್ರಕ್ಕಿಗೂ ಅದೇ ಸುಂಕ ಬಿತ್ತು. ಬ್ರಾಂದಿ, ಪಿಷ್ಟ, ಅಂಟುಗಳ ಮೇಲಿನ ಸುಂಕವನ್ನು ಮುಂದೆ ತೆಗೆದುಹಾಕಿದರು. ಟ್ರಕ್ಕಿನದು ಉಳಿದುಕೊಂಡಿತು. ಇಲ್ಲಿ ಇದನ್ನು ಇವತ್ತಿಗೂ "ಚಿಕನ್ ಟ್ಯಾಕ್ಸ್" ಎಂದೇ ಕರೆಯುತ್ತಾರೆ.

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಅಧ್ಯಾಯ ಇಲ್ಲಿಂದ ಆರಂಭ. ಇಡೀ ಟ್ರಕ್ಕಿಗೆ ಶೇಕಡಾ 25 ಸುಂಕ, ಆದರೆ ಹಿಂಬದಿಯ ತೊಟ್ಟಿ ಇಲ್ಲದ ಟ್ರಕ್ಕಿಗೆ ಬರೀ 4. ಸರಿ, ಕಂಪನಿಗಳು ತೊಟ್ಟಿ ಇಲ್ಲದ ಗಾಡಿಯನ್ನು ಹಡಗಿನಲ್ಲಿ ತಂದು, ಇಲ್ಲಿ ಇಳಿಸಿದ ಮೇಲೆ ತೊಟ್ಟಿ ಕೂರಿಸಿದವು. ಟೊಯೋಟಾ ಕಂಪನಿಗೆ ತೊಟ್ಟಿ ತಯಾರಿಸುತ್ತಿದ್ದ ಕಾರ್ಖಾನೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿತ್ತು. ತಮಾಷೆ ಎಂದರೆ ಈ ದಾರಿ ಹಿಡಿದವರಲ್ಲಿ ಅಮೆರಿಕದ ಕಂಪನಿಗಳೂ ಇದ್ದವು. 1972ರಲ್ಲಿ ಬಂದ ಫೋರ್ಡ್ ಕೂರಿಯರ್ ಮಾಜ್ದಾ ಮಾಡಿಕೊಟ್ಟದ್ದು. ಅದೇ ವರ್ಷದ ಶೆವ್ರೋಲೆ ಲವ್ ಇಸುಜು ಮಾಡಿಕೊಟ್ಟದ್ದು. ಮುಂದಿನ ವರ್ಷವೇ ತೈಲ ಬಿಕ್ಕಟ್ಟು ಬಂದು, ಕಡಿಮೆ ಪೆಟ್ರೋಲ್ ಕುಡಿಯುವ ಈ ಪುಟ್ಟ ಗಾಡಿಗಳಿಗೆ ಶುಕ್ರದೆಸೆ ಬಂತು.

1980ರಲ್ಲಿ ಸರ್ಕಾರ ಆ ಕಿಂಡಿ ಮುಚ್ಚಿತು. ಅಷ್ಟರಲ್ಲಾಗಲೇ ಸುಬಾರು ಇನ್ನೊಂದು ಕಿಂಡಿ ಹುಡುಕಿತ್ತು. ಅದರ ಬ್ರ್ಯಾಟ್ ಎಂಬ ಗಾಡಿಯ ತೆರೆದ ತೊಟ್ಟಿಯೊಳಗೆ, ಹಿಂದಕ್ಕೆ ಮುಖ ಮಾಡಿ, ಎರಡು ಪ್ಲಾಸ್ಟಿಕ್ ಸೀಟುಗಳನ್ನು ಬೆಸೆದಿದ್ದರು. ಸೀಟು ಇದೆಯಲ್ಲ, ಆದ್ದರಿಂದ ಇದು ಟ್ರಕ್ಕಲ್ಲ, ಪ್ರಯಾಣಿಕರ ಕಾರು ಎಂಬುದು ವಾದ! ಕಾರಿನ ಸುಂಕ ತೀರ ಕಡಿಮೆ. ಮುಂದೆ ಅಧ್ಯಕ್ಷರಾದ ರೊನಾಲ್ಡ್ ರೇಗನ್ ತಮ್ಮ ಕ್ಯಾಲಿಫೋರ್ನಿಯಾದ ತೋಟಕ್ಕೆ ಇಂಥದ್ದೇ ಒಂದು ಬ್ರ್ಯಾಟ್ ಇಟ್ಟುಕೊಂಡಿದ್ದರು.

ಕಿಂಡಿಗಳು ಮುಚ್ಚಿದ ಮೇಲೆ ಉಳಿದ ದಾರಿ ಒಂದೇ, ಇಲ್ಲೇ ತಯಾರಿಸುವುದು. ಶೆವ್ರೋಲೆ ಎಸ್-10, ಫೋರ್ಡ್ ರೇಂಜರ್ ಎರಡೂ 1980ರ ದಶಕದ ಆರಂಭದಲ್ಲಿ ಬಂದವು. ನಿಸಾನ್ 1983ರಲ್ಲಿ ಟೆನೆಸಿಯ ಸ್ಮರ್ನಾದಲ್ಲಿ ಕಾರ್ಖಾನೆ ತೆರೆದಾಗ ಅಲ್ಲಿಂದ ಹೊರಬಂದ ಮೊದಲ ವಾಹನ ಪಿಕಪ್ಪೇ. ಟೊಯೋಟಾ 1991ರಿಂದ ಫ್ರೀಮಾಂಟ್‌ನಲ್ಲಿ ಪಿಕಪ್ ಮಾಡತೊಡಗಿತು. ಬೇ ಏರಿಯಾದ ಓದುಗರಿಗೆ ಆ ಕಟ್ಟಡ ಚೆನ್ನಾಗಿ ಗೊತ್ತು, ಈಗ ಅದು ಟೆಸ್ಲಾ ಕಾರ್ಖಾನೆ. ಇದು ಪುಟ್ಟ ಟ್ರಕ್ಕಿನ ಸುವರ್ಣಯುಗ. ರೇಂಜರ್ ಒಂದೇ 1999ರಲ್ಲಿ ಸುಮಾರು 3.5 ಲಕ್ಷ ಮಾರಾಟವಾಯಿತು.

ಆಮೇಲೆ ಇಳಿಮುಖ. ಇಲ್ಲಿ ಕೋಳಿಯನ್ನೊಂದೇ ದೂರಿದರೆ ಅನ್ಯಾಯವಾದೀತು. ಪೆಟ್ರೋಲ್ ಅಗ್ಗವಾಗಿತ್ತು. ಟ್ರಕ್ಕಿಗೆ ನಾಲ್ಕು ಬಾಗಿಲು ಬಂದು, ಅದು ಸಂಸಾರದ ವಾಹನವೂ ಆಯಿತು. ದೊಡ್ಡ ಟ್ರಕ್ಕಿನಲ್ಲಿ ಕಂಪನಿಗೆ ಲಾಭ ಹೆಚ್ಚು, ಹಾಗಾಗಿ ಜಾಹೀರಾತು, ರಿಯಾಯಿತಿ, ಹೊಸ ವಿನ್ಯಾಸ ಎಲ್ಲವೂ ಅದರ ಪಾಲಿಗೆ. ಪುಟ್ಟ ರೇಂಜರ್‌ಗೆ ವರ್ಷಗಟ್ಟಲೆ ಹೊಸ ಅಂಗಿಯನ್ನೂ ಹೊಲಿಸಲಿಲ್ಲ. 2010ರಲ್ಲಿ ಅದರ ಮಾರಾಟ 60 ಸಾವಿರಕ್ಕಿಂತ ಕೆಳಗಿಳಿಯಿತು. ಆದರೂ ನನ್ನ ಪ್ರಶ್ನೆ ಇದು: ಜನಕ್ಕೆ ಬೇಡವಾದದ್ದು ಪುಟ್ಟ ಟ್ರಕ್ಕೋ, ಹಳಸಿದ ಪುಟ್ಟ ಟ್ರಕ್ಕೋ? ಹೊರದೇಶದ ಯಾರಾದರೂ ಹೊಸದೊಂದನ್ನು ಅಗ್ಗವಾಗಿ ತಂದು ಮಾರಿದ್ದರೆ ಇಲ್ಲಿನವರಿಗೆ ಎಚ್ಚರವಾಗುತ್ತಿತ್ತು. ಬಾಗಿಲಲ್ಲಿ ಶೇಕಡಾ 25ರ ಗೋಡೆ ಇದ್ದಾಗ ತರುವವರು ಯಾರು?

ಇನ್ನೊಂದು ಪೆಟ್ಟು, ಒಳ್ಳೆಯ ಉದ್ದೇಶದ ಕಾನೂನಿನಿಂದ ಬಂದದ್ದು. ಒಂದು ಗ್ಯಾಲನ್‌ಗೆ ಇಷ್ಟು ಮೈಲಿ ಓಡಬೇಕು ಎಂಬ ನಿಯಮ 1975ರಿಂದಲೇ ಇದೆ. ಸುಮಾರು 2011ರ ಹೊತ್ತಿಗೆ ಅದನ್ನು ವಾಹನದ ಗಾತ್ರಕ್ಕೆ ಜೋಡಿಸಿದರು. ನಾಲ್ಕು ಚಕ್ರಗಳು ನೆಲಕ್ಕೆ ತಾಗುವ ನಾಲ್ಕು ಬಿಂದುಗಳನ್ನು ಸೇರಿಸಿ ಒಂದು ಆಯತ ಬರೆದುಕೊಳ್ಳಿ. (ಗಣಿತದ ಹೋಂವರ್ಕ್ ಎಂದುಕೊಳ್ಳಿ: ಉದ್ದ ಗುಣಿಸು ಅಗಲ.) ಆ ಆಯತ ದೊಡ್ಡದಾದಷ್ಟೂ ಮೈಲೇಜ್ ಗುರಿ ಸಡಿಲ, ಚಿಕ್ಕದಾದಷ್ಟೂ ಬಿಗಿ. ಡಬ್ಬದಂಥ ಮೈಯಿಟ್ಟುಕೊಂಡು ಭಾರ ಹೊರಬೇಕಾದ ಪುಟ್ಟ ಟ್ರಕ್ಕಿಗೆ ಆ ಗುರಿ ಮುಟ್ಟುವುದು ಕಷ್ಟ. ಎಂಜಿನ್ ಸುಧಾರಿಸುವುದಕ್ಕಿಂತ ಗಾಡಿಯನ್ನೇ ಹಿಗ್ಗಿಸುವುದು ಕೆಲವೊಮ್ಮೆ ಸುಲಭದ ಲೆಕ್ಕ. ಪೆಟ್ರೋಲ್ ಉಳಿಸಲು ಬಂದ ನಿಯಮವೇ ಗಾಡಿ ಬೆಳೆಯಲು ನೆಪವಾಯಿತು.

2011ರ ಡಿಸೆಂಬರ್‌ನಲ್ಲಿ ಮಿನೆಸೋಟಾದ ಸೇಂಟ್ ಪಾಲ್ ಕಾರ್ಖಾನೆಯಿಂದ ಕೊನೆಯ ಪುಟ್ಟ ರೇಂಜರ್ ಹೊರಬಂತು. 1925ರಿಂದ ನಡೆಯುತ್ತಿದ್ದ ಆ ಕಾರ್ಖಾನೆಯೂ ಅಂದೇ ಮುಚ್ಚಿತು. ಅದೇ ವರ್ಷ ಫೋರ್ಡ್ ಹೊಸ ರೇಂಜರ್ ಒಂದನ್ನು ಥಾಯ್ಲೆಂಡಿನಲ್ಲಿ ತಯಾರಿಸಿ ಬೇರೆ ದೇಶಗಳಿಗೆ ಮಾರತೊಡಗಿತ್ತು. 2019ರಲ್ಲಿ ರೇಂಜರ್ ಹೆಸರು ಇಲ್ಲಿಗೆ ಮರಳಿತು, ಆದರೆ ಮೈ ಬೆಳೆದಿತ್ತು. ಬೆಂಗಳೂರಿನ ಪಕ್ಕದ ಬಿಡದಿಯಲ್ಲಿ ಜೋಡಣೆಯಾಗುವ ಟೊಯೋಟಾ ಹೈಲಕ್ಸ್ ಕೂಡ ಈಗ ಅದರ 1970ರ ಅಜ್ಜನಂತೆ ಪುಟ್ಟದಾಗಿಲ್ಲ ಬಿಡಿ.

ಗಾತ್ರದ ಮಾತು ಬರೀ ಸೌಂದರ್ಯದ್ದಲ್ಲ. ಹೆದ್ದಾರಿ ಸುರಕ್ಷತೆಯನ್ನು ಅಭ್ಯಸಿಸುವ ಇಲ್ಲಿನ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ಟಿನ ಎತ್ತರ 40 ಇಂಚು ಮೀರಿದ ವಾಹನ ಪಾದಚಾರಿಗೆ ಬಡಿದರೆ ಸಾವಿನ ಸಂಭವ, 30 ಇಂಚಿನೊಳಗಿನ ಇಳಿಜಾರು ಬಾನೆಟ್ಟಿನ ವಾಹನಕ್ಕಿಂತ ಸುಮಾರು ಶೇಕಡಾ 45 ಹೆಚ್ಚು. 40 ಇಂಚು ಎಂದರೆ ಹೆಚ್ಚುಕಡಿಮೆ ನಾಲ್ಕು ವರ್ಷದ ಮಗುವಿನ ಎತ್ತರ. ಪೋಷಕರೇ, ಪಾರ್ಕಿಂಗ್ ಲಾಟ್‌ನಲ್ಲಿ ಚಿಕ್ಕ ಮಕ್ಕಳ ಕೈ ಬಿಡಬೇಡಿ.

ಚಾಪೆ-ರಂಗೋಲಿ ಆಟ ಮಾತ್ರ ನಿಲ್ಲಲಿಲ್ಲ. 2009ರಿಂದ ಫೋರ್ಡ್ ತನ್ನ ಟ್ರಾನ್ಸಿಟ್ ಕನೆಕ್ಟ್ ವ್ಯಾನುಗಳನ್ನು ಟರ್ಕಿಯಿಂದ ಹಿಂದಿನ ಸೀಟಿನ ಸಮೇತ ತಂದು, ಬಂದರು ದಾಟಿದ ಮೇಲೆ ಆ ಸೀಟುಗಳನ್ನು ಕಿತ್ತು ಸರಕು ವ್ಯಾನ್ ಮಾಡಿ ಮಾರುತ್ತಿತ್ತು. ಸುಬಾರು ಸೀಟು ಬೆಸೆಯಿತು, ಫೋರ್ಡ್ ಸೀಟು ಕಿತ್ತಿತು! ಪ್ರಕರಣ ನ್ಯಾಯಾಲಯಕ್ಕೆ ಹೋಗಿ, ಕೊನೆಗೆ 2024ರಲ್ಲಿ ಕಂಪನಿ 36.5 ಕೋಟಿ ಡಾಲರ್ ಕಟ್ಟಿ ಇತ್ಯರ್ಥ ಮಾಡಿಕೊಂಡಿತು.

ಹಾಗಾದರೆ ಪುಟ್ಟ ಟ್ರಕ್ಕು ಯಾರಿಗೂ ಬೇಡವೇ? 2021ರಲ್ಲಿ ಫೋರ್ಡ್ ಮ್ಯಾವರಿಕ್ ಬಂತು. ತಯಾರಿ ಮೆಕ್ಸಿಕೋದಲ್ಲಿ, ಅಲ್ಲಿನ ಒಪ್ಪಂದದಿಂದಾಗಿ ಕೋಳಿ ತೆರಿಗೆ ತಾಗಲಿಲ್ಲ. ಆರಂಭದ ಬೆಲೆ 20,000 ಡಾಲರ್‌ಗಿಂತ ಕಡಿಮೆ ಇತ್ತು. ಜನ ಮುಗಿಬಿದ್ದರು, ಕೆಲವೇ ತಿಂಗಳಲ್ಲಿ ಆ ಮಾದರಿ ವರ್ಷದ ಬುಕಿಂಗನ್ನೇ ಕಂಪನಿ ನಿಲ್ಲಿಸಬೇಕಾಯಿತು. ಬೆಲೆ ಆಮೇಲೆ ಏರಿದೆ, ಆ ಮಾತು ಬೇರೆ. ಈಗ "ಪುಟ್ಟದು" ಎನಿಸಿಕೊಳ್ಳುವ ಈ ಮ್ಯಾವರಿಕ್ಕಿನ ಉದ್ದ 16.6 ಅಡಿ. 1983ರ ಚಿಕ್ಕ ರೇಂಜರ್ 14.6 ಅಡಿ ಇತ್ತು.

ಅಷ್ಟೂ ದೊಡ್ಡದು ಬೇಡ ಎನ್ನುವ ಕೆಲವರು ಈಗ ಜಪಾನಿನಿಂದ ಹಳೆಯ ಕೇ ಟ್ರಕ್ಕುಗಳನ್ನು ತರಿಸಿಕೊಳ್ಳುತ್ತಿದ್ದಾರೆ. 11 ಅಡಿ ಚಿಲ್ಲರೆ ಉದ್ದ, ನಮ್ಮೂರ ಟಾಟಾ ಏಸ್ ನೋಡಿದವರಿಗೆ ಥಟ್ಟನೆ ಗುರುತು ಸಿಗುವಂಥ ಗಾಡಿ. 25 ವರ್ಷ ತುಂಬಿದ ವಾಹನಗಳಿಗೆ ಇಲ್ಲಿನ ಸುರಕ್ಷತಾ ನಿಯಮದಿಂದ ವಿನಾಯಿತಿ ಉಂಟು. ಕೆಲವು ರಾಜ್ಯಗಳು ರಸ್ತೆಗೆ ಬಿಡಲು ತಕರಾರು ಮಾಡುತ್ತವೆ. ಕಾಲು ಶತಮಾನ ಯಾವುದೋ ಜಪಾನೀ ರೈತನ ತರಕಾರಿ ಹೊತ್ತು ದಣಿದ ಆ ಮುದಿ ಟ್ರಕ್ಕು ಅಮೆರಿಕದ ಬಂದರಿನಲ್ಲಿ ಇಳಿದಾಗ, ಅದರ ಮೇಲೂ ಕಟ್ಟಬೇಕಾದದ್ದು 1963ರ ಕೋಳಿ ಜಗಳದ ಅದೇ ಶೇಕಡಾ 25.