ಅರಿಕುಠಾರಕ್ಕಿಂತ ಹಿಂದೆ

ಚಾಮರಾಜನಗರದ ಚರಿತ್ರೆಯನ್ನು ಹೇಳಹೊರಟವರು ಅರಿಕುಠಾರವೆಂಬ ಹಳೆಯ ಹೆಸರಿನಿಂದ ತೊಡಗಿ, ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರಿಗೆ ಅವರ ಹೆಸರನ್ನಿಟ್ಟುದನ್ನೂ, 1826ರಲ್ಲಿ ಚಾಮರಾಜೇಶ್ವರನ ದೇಗುಲವನ್ನು ಕಟ್ಟಿಸಿದುದನ್ನೂ ವರ್ಣಿಸುವುದು ವಾಡಿಕೆ. ನಾವಾದರೋ ಈಗ ದೇಗುಲವನ್ನು ಬಿಟ್ಟು ಅದರ ತಳದ ನೆಲವನ್ನು ಕುರಿತು ಎರಡು ಮಾತು ಹೇಳಬಯಸುತ್ತೇವೆ.

ಆ ನೆಲದ ಕಲ್ಲು ಭೂಶಾಸ್ತ್ರಜ್ಞರು ಆರ್ಕೇಯನ್ ಎಂದು ಕರೆಯುವ ಯುಗದ್ದು. 400 ಕೋಟಿ ವರ್ಷಗಳ ಹಿಂದೆ ಮೊದಲಾಗಿ 250 ಕೋಟಿ ವರ್ಷಗಳ ಹಿಂದೆ ಮುಗಿದ ಯುಗವದು. ಆಗ ಗಿಡಮರಗಳಿಲ್ಲ, ಪ್ರಾಣಿಗಳಿಲ್ಲ. ಗಾಳಿಯಲ್ಲಿ ಪ್ರಾಣವಾಯು ಇರಲಿಲ್ಲವೆಂದರೂ ಸಲ್ಲುವುದು. ಕಣ್ಣಿಗೆ ಕಾಣದ ಅಣುಜೀವಿಗಳು ಮಾತ್ರ ನೀರಿನಲ್ಲಿದ್ದುವು.

ಚಿತ್ರದುರ್ಗದಿಂದ ತೆಂಕಣಕ್ಕೆ ಪಯಣ ಮಾಡುವವನು ತಾನು ಸಮನೆಲದ ಮೇಲೆಯೇ ಹೋಗುತ್ತಿರುವೆನೆಂದು ಭಾವಿಸುತ್ತಾನೆ. ನಿಜವಾಗಿ ನೋಡಿದರೆ ಅವನು ಪುರಾತನ ಭೂಮಿಯ ಒಡಲೊಳಕ್ಕೆ ಮೆಟ್ಟಿಲಿಳಿಯುತ್ತಿದ್ದಾನೆ. ಈ ನಾಡಿನ ಭೂಫಲಕವು ವಾಲಿಕೊಂಡು, ತೆಂಕಣ ಭಾಗ ಹೆಚ್ಚಾಗಿ ಮೇಲೆದ್ದಿತು. ಮೇಲಿನ ಪದರಗಳು ಮಳೆಗಾಳಿಗಳಿಗೆ ಸವೆದುಹೋಗಿ ಆಳದ ಬಂಡೆಗಳು ಬಯಲಾದುವು. ದುರ್ಗದ ಕಡೆ ಕಾಣುವುದು ಅಲ್ಪ ತಾಪವನ್ನುಂಡ ಶಿಲೆ. ಗುಂಡ್ಲುಪೇಟೆಯ ಕಡೆ ಪಟ್ಟೆಪಟ್ಟೆಯಾದ ನೈಸ್ ಶಿಲೆ. ಅದರ ನಡುನಡುವೆ ಸರಗೂರಿನ ಹೆಸರನ್ನು ಹೊತ್ತ, ಅದಕ್ಕೂ ಹಳೆಯ ಶಿಲೆಗಳ ತುಣುಕುಗಳು. ಬಿಳಿಗಿರಿರಂಗನ ಬೆಟ್ಟಕ್ಕೆ ಬಂದರೆ, ಹತ್ತಾರು ಮೈಲಿ ಆಳದಲ್ಲಿ, 700 ಡಿಗ್ರಿಗೂ ಮಿಕ್ಕ ಸೆಂಟಿಗ್ರೇಡ್ ಶಾಖದಲ್ಲಿ ತನ್ನ ನೀರಿನಂಶವನ್ನು ಕಳೆದುಕೊಂಡು ಮಾರ್ಪಟ್ಟ ಚಾರ್ನಕೈಟ್. ಒಡೆದ ಮುಖದಲ್ಲಿ ಎಣ್ಣೆ ಹಚ್ಚಿದಂತೆ ಮಿರುಗುವ ಕಪ್ಪು ಕಲ್ಲು ಅದು.

ಈ ಹೆಸರಿನ ಕಥೆ ಸೊಗಸಾಗಿದೆ. ಕಲ್ಕತ್ತೆಯಲ್ಲಿ ಜಾಬ್ ಚಾರ್ನಕ್ ಎಂಬ ಆಂಗ್ಲ ವರ್ತಕನ ಗೋರಿಯ ಕಲ್ಲನ್ನು ಪರೀಕ್ಷಿಸಿದ ಹಾಲಂಡ್ ಎಂಬ ಭೂಶಾಸ್ತ್ರಜ್ಞನು ಸತ್ತವನ ಹೆಸರನ್ನೇ ಕಲ್ಲಿಗಿಟ್ಟನು. ಕಲ್ಲು ಹೋದದ್ದು ಮದರಾಸಿನ ಕಡೆಯಿಂದ. ಬಿಳಿಗಿರಿಯ ಬಂಡೆಗೆ ಬಂಗಾಳದ ಗೋರಿಯ ಹೆಸರು!

ಗೋರಿಗೂ ಈ ಸೀಮೆಗೂ ಬೇರೊಂದು ನಂಟುಂಟು. ಆರ್ಕೇಯನ್ ಬಂಡೆಗಳು ಬಿರಿದೆಡೆ ಅನಂತರದ ಕಾಲದಲ್ಲಿ ಕರಗಿದ ಶಿಲಾರಸ ನುಗ್ಗಿ ಗೋಡೆಗಳಂತೆ ಹೆಪ್ಪುಗಟ್ಟಿತು. ಚಾಮರಾಜನಗರದ ಹೆಸರಾಂತ ಕರಿಕಲ್ಲು ಇದೇ. ಕೊರೆದು, ಹೊಳಪು ಕೊಟ್ಟು, ಪರದೇಶಗಳ ಸಮಾಧಿಗಳಿಗೆ ಕಳುಹಿಸುತ್ತಾರೆ. ಕೂಲಿಯವರ ಜೀವನ ಇದರಿಂದ ನಡೆಯುವುದನ್ನು ನಾವು ಮರೆಯುವಂತಿಲ್ಲ. ಅಂತೆಯೇ, 2022ರ ಮಾರ್ಚಿಯಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಕಲ್ಲುಗಣಿಯಲ್ಲಿ ಗುಡ್ಡ ಕುಸಿದು ಕೂಲಿಯವರು ಮಡಿದುದನ್ನೂ ಮರೆಯುವಂತಿಲ್ಲ. ಕರಿಕಲ್ಲಿನ ಗೋಡೆಯನ್ನು ತೆಗೆದೆಡೆ ಉದ್ದನೆಯ ಕಂದಕವುಳಿಯುತ್ತದೆ. ಮಳೆಗಾಲದಲ್ಲಿ ಅದರಲ್ಲಿ ನೀರು ನಿಲ್ಲುತ್ತದೆ. ಅದರ ಎರಡು ದಂಡೆಗಳಲ್ಲಿಯೂ, ಯಾರಿಗೂ ಬೇಡವಾದ ಆ ಆದಿಶಿಲೆ ನಿಂತಿರುತ್ತದೆ.