ಫೋನಿಲ್ಲದ ಊರಲ್ಲಿ ಸುದ್ದಿ ಹೊತ್ತವರು

"ಇಂಟರ್‌ನೆಟ್ ಇಲ್ಲದ ಕಾಲ ಎಷ್ಟು ಚೆನ್ನಾಗಿತ್ತು, ಊರೆಲ್ಲಾ ಒಂದೇ ಮನೆ ಥರ ಇತ್ತು" ಅನ್ನೋ ಪೋಸ್ಟುಗಳು ದಿನಾ ಕಣ್ಣಿಗೆ ಬೀಳ್ತಿವೆ. ಲಾಟೀನು, ಇನ್‌ಲ್ಯಾಂಡ್ ಲೆಟರು, ಪಂಚಾಯ್ತಿ ಟೀವಿ ಎಲ್ಲಾ ಸರಿ. ಆದ್ರೆ ಗೆಳೆಯರೇ, ಆ ಊರಲ್ಲಿ ಸುದ್ದಿ ತಾನಾಗೇ ಓಡಾಡ್ತಿರಲಿಲ್ಲ. ಯಾರೋ ಹೊತ್ತು ನಡೀಬೇಕಿತ್ತು. ಅವರು ಯಾರು ಅಂತ ಈ ಪೋಸ್ಟುಗಳಲ್ಲಿ ಇರಲ್ಲ. ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ನಮ್ಮ ಹಳೇ ಮೈಸೂರು ಸೀಮೆಯಲ್ಲಿ ತೋಟಿ, ತಳವಾರಿಕೆ ಅಪ್ಪನಿಂದ ಮಗನಿಗೆ ಬರುವ ಚಾಕರಿ. ಡಂಗುರ ಸಾರೋದು, ಕಂದಾಯಕ್ಕೆ ರೈತರನ್ನ ಕರೆತರೋದು, ಸಾಹೇಬರು ಬಂದರೆ ಅವರ ಗಂಟು ಹೊರೋದು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ, ವಿಜಾಪುರದ ಕಡೆ ಇಂಥದ್ದಕ್ಕೇ ವತನ ಅಂತಿದ್ದರು. 1874ರ ಕಾಯ್ದೆಯೊಂದು ಈ ವತನಗಳಿಗೆ ಕಾನೂನಿನ ಬಲ ಕೊಟ್ಟಿತ್ತು. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಅದಕ್ಕೆ ತಿದ್ದುಪಡಿ ಮಸೂದೆ ತಂದರು. ಹಗಲು ರಾತ್ರಿ ಅನ್ನದೆ ದುಡಿಯೋ ವತನದಾರ ಮನೇಲಿ ಇಲ್ಲದಿದ್ದರೆ ಅವನ ಮನೆಯವರನ್ನೇ ಎಳೆದು ದುಡಿಸೋದು ಯಾವ ನ್ಯಾಯ ಅಂತ ಕೇಳಿದರು. ಮಸೂದೆ ಪಾಸಾಗಲಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳನ್ನ ರದ್ದು ಮಾಡೋ ಕಾಯ್ದೆ ಬಂದಿದ್ದು 1961ರಲ್ಲಿ.

ಕಾಯ್ದೆ ಬಂದು ಎಷ್ಟೋ ವರ್ಷ ಆದಮೇಲೂ ನಮ್ಮ ತಾತ ಸಾವಿನ ಸುದ್ದಿ ಹೊತ್ತು ನಡೆದಿದ್ದನ್ನ ನಾನೇ ನೋಡಿದ್ದೀನಿ. ಊರೊಳಗೆ ಸಾವಾದರೆ ನಡುರಾತ್ರಿ ಕೇರಿಗೆ ಕೂಗು ಬರೋದು. ಸತ್ತವರ ನೆಂಟರು ಯಾವ್ಯಾವ ಊರಲ್ಲಿದ್ದಾರೋ ಅಲ್ಲಿಗೆಲ್ಲಾ ಕತ್ತಲಲ್ಲೇ ಹೊರಡಬೇಕು. ಹೋದ ಕಡೆ ಬೀದಿಯಲ್ಲೇ ನಿಂತು ಹೇಳಬೇಕು, ಜಗಲಿ ಹತ್ತಂಗಿಲ್ಲ. ಬಾಯಾರಿದರೆ ಬೊಗಸೆಗೆ ಮೇಲಿಂದ ನೀರು. ಕೂಲಿ ಅಂದರೆ ಒಂದು ಮೊರ ರಾಗಿ, ಅದೂ ಅವರಿಗೆ ನೆನಪಾದರೆ. ನಮ್ಮ ಕೇರೀಲಿ ಸಾವಾದರೆ? ಆಗಲೂ ತಾತನೇ ನಡೀಬೇಕು.

ನಮಗೆ ಬರೋ ಸುದ್ದಿ ಕಥೆ ಬೇರೆ. ಅಂಚೆಯವನು ಕೇರಿಯೊಳಗೆ ಕಾಲಿಡುತ್ತಿರಲಿಲ್ಲ. ಹುಣಸೇಮರದ ಹತ್ತಿರ ಸೈಕಲ್ ನಿಲ್ಲಿಸಿ ಆಟ ಆಡ್ತಿದ್ದ ಹುಡುಗರ ಕೈಗೆ ಕಾಗದ ಎಸೆದು ಹೋಗೋನು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಪಂಚಾಯ್ತಿ ಟೀವಿ ಮುಂದೆ ಊರೋರು ಚಾಪೆ ಹಾಸಿ ಕೂತರೆ, ನಾವು ಕಿಟಕಿ ಸರಳು ಹಿಡಿದು ನಿಂತು ನೋಡಿದ್ವಿ. ಊರು ಒಂದೇ ಮನೆ ಅಂತೀರಲ್ಲಾ, ಆ ಮನೇಲಿ ನಮ್ಮ ಜಾಗ ಅದು.

ಪತ್ರಿಕೆಗಳಾದರೂ ನಮ್ಮ ಪಾಲಿಗೆ ಇದ್ದವಾ? 1920ರ ಜನವರಿ 31ರಂದು ಬಾಬಾಸಾಹೇಬರು 'ಮೂಕನಾಯಕ' ಶುರುಮಾಡಿದಾಗ ತಿಲಕರ 'ಕೇಸರಿ', ದುಡ್ಡು ಕೊಡ್ತೀವಿ ಅಂದರೂ ಅದರ ಜಾಹೀರಾತು ಹಾಕಲಿಲ್ಲ. ಅದಾಗಿ ಅರ್ಧ ಶತಮಾನದ ಮೇಲೆ, 70ರ ದಶಕದಲ್ಲಿ, ಮೈಸೂರಿನಿಂದ 'ಪಂಚಮ' ಹೊರಟಿತು. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿಕೊಂಡಿತು. ಎಲ್ಲೋ ದೌರ್ಜನ್ಯ ಆದರೆ 15 ಪೈಸೆ ಕಾರ್ಡಿನಲ್ಲಿ ನಾಲ್ಕು ಸಾಲು ಹಾಸ್ಟೆಲಿಗೆ ಬರೋದು. ಹಾಸ್ಟೆಲ್ಲೇ ನಮ್ಮ ಸರ್ವರ್ರು ಅನ್ನಿ. ಶನಿವಾರ ಊರಿಗೆ ಹೋಗೋ ಹುಡುಗರ ಬಾಯಲ್ಲಿ ಸುದ್ದಿ ಹತ್ತಾರು ಕೇರಿ ಮುಟ್ಟೋದು. ರಾತ್ರಿ ಈಚಲು ಕಡ್ಡಿ ಜಜ್ಜಿ ಕುಂಚ ಮಾಡ್ಕೊಂಡು, ನೀಲಿ ಕಲಸಿ ಗೋಡೆ ಬರೀತಿದ್ವಿ. ಹೆಂಡದಂಗಡಿ ಬೇಡ, ಹೋಬಳಿಗೊಂದು ವಸತಿ ಶಾಲೆ ಕೊಡಿ ಅನ್ನೋ ಬೇಡಿಕೆ ಕೇರಿಗಳಿಗೆ ಬಂದಿದ್ದು ಹೀಗೇ. ಊರ ಹಬ್ಬಕ್ಕೆ, ಊರ ಹೆಣಕ್ಕೆ ಬಡೀತಿದ್ದ ತಮಟೆಯನ್ನೇ ಹಿಡಿದು ಸಿದ್ದಲಿಂಗಯ್ಯನವರ ಹಾಡು ಹೇಳ್ತಾ ಜಾಥಾ ಹೊರಟಾಗ, ಓದು ಬರಹ ಗೊತ್ತಿಲ್ಲದ ನಮ್ಮವ್ವಂದಿರಿಗೂ ಚಳವಳಿ ಏನಂತ ಅರ್ಥ ಆಯ್ತು. ಆ ತಮಟೆಗೆ ಯಾರೂ ರಾಗಿ ಅಳೀಬೇಕಿರಲಿಲ್ಲ.

ಇವತ್ತು ಮೊಬೈಲಿನಲ್ಲೂ ಜಾತಿ ಇದೆ, ನಮ್ಮ ಹುಡುಗರು ದಿನಾ ಬೈಗುಳ ತಿಂತಾರೆ. ಆದರೂ ಒಂದು ಕೇರಿಗೆ ಬೆಂಕಿ ಬಿದ್ದರೆ ಅರ್ಧ ಗಂಟೇಲಿ ರಾಜ್ಯಕ್ಕೇ ಗೊತ್ತಾಗುತ್ತೆ. ಅದನ್ನ ಹೇಳೋಕೆ ಯಾವ ಗೌಡನ ಅಪ್ಪಣೆಯೂ ಬೇಡ.

ಹಳೇ ಕಾಲ ನೆನೆಸ್ಕೊಳ್ಳಿ, ಬೇಡ ಅನ್ನಲ್ಲ. ನಮ್ಮ ಹುಡುಗ ಹುಡುಗೀರಿಗೆ ಮಾತ್ರ ಒಂದು ಕೆಲಸ ಹೇಳ್ತೀನಿ. ಈ ಭಾನುವಾರ ನಿಮ್ಮ ಕೇರಿಯ ಹಿರಿಯರ ಪಕ್ಕ ಕೂತು, ಯಾರ ಸುದ್ದಿ ಹೊತ್ತು ಎಷ್ಟು ದೂರ ನಡೆದಿರಿ, ಏನು ಕೊಟ್ಟರು ಅಂತ ಕೇಳಿ. ಅವರ ದನಿಯಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆ ತಲೆಮಾರು ಹೋಗ್ತಿದೆ. ನಾವು ಬರೆದಿಡದಿದ್ರೆ, "ಎಷ್ಟು ಚೆನ್ನಾಗಿತ್ತು" ಅನ್ನೋದಷ್ಟೇ ಚರಿತ್ರೆ ಆಗಿ ಉಳಿಯುತ್ತೆ.

ಜೈ ಭೀಮ್.